ಪಾಸಾದ ವೈದ್ಯರು, ಬದುಕಿದ ಗಾಯಾಳು

ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಬೆಣ್ಣೆಹಳ್ಳದ ದಂಡೆಯ ಮೇಲೆ, ಯಮನೂರು ಇದೆ. ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗ ಸವಾರನೆಂದೂ ಕರೆದು ಒಂದೇ ಗದ್ದುಗೆಗೆ ನಡೆದುಕೊಳ್ಳುವ ಈ ಕ್ಷೇತ್ರದಲ್ಲಿ ಹೋಳಿಹುಣ್ಣಿಮೆಯ ಬಳಿಕ ದೊಡ್ಡ ಜಾತ್ರೆ ನೆರೆಯುತ್ತದೆ. ಎರೆನಾಡಿನ ಊರೂರುಗಳಿಂದ ಚಕ್ಕಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ, ಮಕ್ಕಳುಮರಿಗಳೊಡನೆ ಜನ ಬಂದಿಳಿಯುತ್ತಾರೆ. ಹಳ್ಳದ ನೀರಿನಿಂದಲೇ ಇಲ್ಲಿ ದೀಪ ಉರಿಯುವುದೆಂಬುದು ಭಕ್ತರ ನಂಬಿಗೆ.

ಹಿಂದಿರುಗುವ ಹೊತ್ತಿನಲ್ಲಿ ತುಂಬಿದ ಟ್ರೇಲರೊಂದು ರಸ್ತೆಯಂಚಿನಲ್ಲಿ ಮಗುಚಿತೆಂದು ಭಾವಿಸೋಣ. ಒಬ್ಬ ರೈತನ ಎದೆಗೆ ಪೆಟ್ಟು ಬಿದ್ದಿದೆ. ಹೊರಗೆ ಕಾಣುವುದು ತರಚುಗಾಯ ಮಾತ್ರ. ಒಳಗಾದರೋ ಮುರಿದ ಪಕ್ಕೆಲುಬು ಶ್ವಾಸಕೋಶವನ್ನು ಚುಚ್ಚಿ, ಅಲ್ಲಿಂದ ಸೋರಿದ ಗಾಳಿ ಎದೆಗೂಡಿನಲ್ಲಿ ಸೆರೆಯಾಗಿ ಹೃದಯವನ್ನೇ ಒತ್ತರಿಸುತ್ತಿದೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ 108ರ ವಾಹನ ಅವನನ್ನು ನವಲಗುಂದದ ತಾಲೂಕು ಆಸ್ಪತ್ರೆಗೆ ಮುಟ್ಟಿಸುತ್ತದೆ. 1957ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆ ಇನ್ನೂ ದೂರ. ಎದೆಗೆ ಒಂದು ದಪ್ಪ ಸೂಜಿ ಚುಚ್ಚಿ ಗಾಳಿ ಬಿಟ್ಟರೆ ರೈತ ಉಳಿದಾನು. ಎಕ್ಸ್‌ರೇ ಬರಲೆಂದು ಕಾದರೆ ಉಳಿಯಲಿಕ್ಕಿಲ್ಲ. ಆ ರಾತ್ರಿ ಪಾಳಿಯಲ್ಲಿರುವ ವೈದ್ಯರಿಗೆ ಇದನ್ನು ಯಾರು ಕಲಿಸಿದ್ದರು, ಕಲಿಸಿದ್ದು ಈಗಲೂ ಕೈಯಲ್ಲಿದೆಯೇ?

2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಜನ. ಆದ್ದರಿಂದ ಈ ಪ್ರಶ್ನೆ ಜಾತ್ರೆಯ ಒಂದು ರಾತ್ರಿಗೆ ಸೀಮಿತವಾದುದಲ್ಲ.

ಇಂಥ ತರಬೇತಿಯ ಹುಟ್ಟೂ ಒಂದು ಹೊಲದಲ್ಲೇ ಆಯಿತೆಂಬುದು ಕುತೂಹಲಕರ. 1976ರ ಫೆಬ್ರವರಿಯಲ್ಲಿ ಅಮೆರಿಕದ ಮೂಳೆವೈದ್ಯ ಜೇಮ್ಸ್ ಸ್ಟೈನರ್ ತಾನೇ ನಡೆಸುತ್ತಿದ್ದ ಚಿಕ್ಕ ವಿಮಾನ ನೆಬ್ರಾಸ್ಕ ರಾಜ್ಯದ ಹೊಲವೊಂದರಲ್ಲಿ ಬಿದ್ದಿತು. ಪತ್ನಿ ಸ್ಥಳದಲ್ಲೇ ತೀರಿಕೊಂಡರು. ನಾಲ್ವರು ಮಕ್ಕಳಲ್ಲಿ ಮೂವರಿಗೆ ಭಾರಿ ಗಾಯ. ಸಮೀಪದ ಸಣ್ಣ ಊರಿನ ಆಸ್ಪತ್ರೆ ತಲುಪಿದರೆ ಬಾಗಿಲು ಮುಚ್ಚಿತ್ತು. ತೆರೆಸಿದ ಮೇಲೆ ದೊರೆತ ಚಿಕಿತ್ಸೆಯೂ ಅವರಿಗೆ ಸಮಾಧಾನ ತರಲಿಲ್ಲ. ಅಲ್ಲಿಯ ವೈದ್ಯರನ್ನು ಹಳಿಯುತ್ತ ಕೂಡದೆ ಅವರು ಗೆಳೆಯರೊಡನೆ ಪಾಠಕ್ರಮವೊಂದನ್ನು ರೂಪಿಸಿದರು. 1978ರಲ್ಲಿ ಮೊದಲ ತರಗತಿ ನಡೆಯಿತು. 1980ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಅದನ್ನು ಕೈಗೆತ್ತಿಕೊಂಡಿತು. ‘ಅಡ್ವಾನ್ಸ್ಡ್ ಟ್ರಾಮಾ ಲೈಫ್ ಸಪೋರ್ಟ್’ ಎಂದು ಹೆಸರಾದ ಈ ತರಬೇತಿ 2009ರಲ್ಲಿ ದೆಹಲಿಯ ಏಮ್ಸ್ ಮೂಲಕ ಭಾರತಕ್ಕೂ ಬಂದಿತು.

ಅದರ ತಿರುಳು ಸರಳ. ಯಾವುದು ಬೇಗ ಕೊಲ್ಲುವುದೋ ಅದನ್ನು ಮೊದಲು ನೋಡು. ಬಹುಕಾಲ ಕಲಿಸುತ್ತಿದ್ದ ಕ್ರಮವಿದು: ಕತ್ತು ಅಲುಗದಂತೆ ಹಿಡಿದು ಶ್ವಾಸಮಾರ್ಗ, ಆಮೇಲೆ ಉಸಿರಾಟ, ರಕ್ತಸ್ರಾವ, ಪ್ರಜ್ಞೆ. ಕೊನೆಗೆ ಬಟ್ಟೆ ಬಿಡಿಸಿ ಮೈಯೆಲ್ಲ ಪರೀಕ್ಷೆ. ರೋಗದ ಹೆಸರು ಗೊತ್ತಾಗಲೆಂದು ಚಿಕಿತ್ಸೆ ನಿಲ್ಲಕೂಡದು. ಗಾಯದ ಬಣ್ಣ ಬಳಿದುಕೊಂಡು ನರಳುವ ನಟರ ಮೇಲೆ ಇದೆಲ್ಲದರ ಅಭ್ಯಾಸ, ಬಳಿಕ ಪರೀಕ್ಷೆ. ಪಾಸಾದವರಿಗೆ ನಾಲ್ಕು ವರ್ಷಕ್ಕೆ ಸಲ್ಲುವ ಪ್ರಮಾಣಪತ್ರ.

ತೊಡಕು ಇಲ್ಲಿಯೇ ಇದೆ. 1959ರಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ವಿದ್ವಾಂಸರು ಯಾವುದೇ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿದರು: ಕಲಿತವರಿಗೆ ಮೆಚ್ಚಿಗೆಯಾಯಿತೇ, ವಿದ್ಯೆ ತಲೆಗೆ ಹತ್ತಿತೇ, ಕೆಲಸದಲ್ಲಿ ಇಳಿಯಿತೇ, ಅದರಿಂದ ಫಲ ದೊರೆಯಿತೇ. ವೈದ್ಯರ ತರಬೇತಿಯ ಲೆಕ್ಕಗಳು ಬಹುಮಟ್ಟಿಗೆ ಮೊದಲೆರಡು ಮೆಟ್ಟಿಲಲ್ಲೇ ನಿಂತಿವೆ. ಪಾಸಾದವರನ್ನು ಎಣಿಸುವುದು ಸುಲಭ, ಬದುಕಿದವರನ್ನು ಎಣಿಸುವುದು ಕಷ್ಟ.

ನಾಲ್ಕನೆಯ ಮೆಟ್ಟಿಲನ್ನು ಏರಲೆತ್ನಿಸಿದ ಪ್ರಸಿದ್ಧ ಉದಾಹರಣೆ ಟ್ರಿನಿಡಾಡಿನದು. ಅಲ್ಲಿ ಜಮೀಲ್ ಅಲಿಯವರೂ ಸಂಗಡಿಗರೂ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತರಬೇತಿಯ ಬಳಿಕ ತೀವ್ರ ಗಾಯಾಳುಗಳ ಸಾವು ನೂರಕ್ಕೆ 67.5ರಿಂದ 33.5ಕ್ಕೆ ಇಳಿಯಿತು. ತುರ್ತುಕೋಣೆಯಲ್ಲಿಯೇ ಶ್ವಾಸನಾಳಕ್ಕೂ ಎದೆಗೂ ನಳಿಕೆ ಹಾಕುವ ರೂಢಿ ಹೆಚ್ಚಿತೆಂದೂ ಅವರು ತೋರಿಸಿದರು. ಅಂಕಿಗಳು ಬೆರಗು ಹುಟ್ಟಿಸುವಂಥವೇ. ಆದರೂ ಇದು ಹಿಂದಿನ ವರ್ಷಗಳನ್ನು ಮುಂದಿನ ವರ್ಷಗಳೊಡನೆ ಹೋಲಿಸಿದ ಲೆಕ್ಕ. ಆ ನಡುವೆ ಮತ್ತಾವುದು ಬದಲಾಗಿರಲಿಲ್ಲವೆಂದು ಹೇಗೆ ಹೇಳುವುದು? ಜಗತ್ತಿನ ಅಧ್ಯಯನಗಳನ್ನೆಲ್ಲ ಜಾಲಾಡಿದ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆಗೆ, ಈ ತರಬೇತಿ ಗಾಯಾಳುವಿನ ಜೀವ ಉಳಿಸುವುದೆಂದು ಸಿದ್ಧಪಡಿಸುವ ನಿಯಂತ್ರಿತ ಪ್ರಯೋಗ ಒಂದೂ ಸಿಗಲಿಲ್ಲ. ವೈದ್ಯರ ತಿಳುವಳಿಕೆ ಹೆಚ್ಚುವುದೆಂಬುದಕ್ಕೆ ಮಾತ್ರ ಆಧಾರವಿತ್ತು.

ಆ ತಿಳುವಳಿಕೆಯೂ ಬಾಳುವುದು ಸ್ವಲ್ಪ ಕಾಲ. ಆರು ತಿಂಗಳು ಕಳೆದರೆ ಕಲಿತದ್ದು ಮಾಸತೊಡಗುತ್ತದೆಂದು ಮರುಪರೀಕ್ಷೆಗಳು ತೋರಿಸಿವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮಜ್ಞಾನ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ದಿನವೂ ಅಪಘಾತಗಳನ್ನು ಕಾಣುವ ಮಹಾನಗರದ ವೈದ್ಯರಿಗೆ ಕೆಲಸವೇ ಪುನರಭ್ಯಾಸ. ತಾಲೂಕಿನ ವೈದ್ಯರಿಗೆ ಎದೆಗೆ ಸೂಜಿ ಚುಚ್ಚುವ ಪ್ರಸಂಗ ಎಷ್ಟೋ ತಿಂಗಳಿಗೊಮ್ಮೆ ಬರುತ್ತದೆ. ಬಂದಾಗ ಪಕ್ಕದಲ್ಲಿ ಕೇಳಲು ಹಿರಿಯರಿಲ್ಲ. ಪ್ರಮಾಣಪತ್ರದ ಅವಧಿ ಇಬ್ಬರಿಗೂ ಒಂದೇ! ತಾಲೂಕಿನವರಿಗಾದರೂ ವರ್ಷಕ್ಕೊಮ್ಮೆ, ಅವರ ಆಸ್ಪತ್ರೆಯಲ್ಲೇ, ಅವರ ದಾದಿಯರನ್ನೂ ಕೂಡಿಸಿಕೊಂಡು ಮುನ್ಸೂಚನೆಯಿಲ್ಲದೆ ಅಣಕು ಪರೀಕ್ಷೆ ನಡೆಸುವುದು ಉಚಿತ. ದಪ್ಪ ಸೂಜಿ ಯಾವ ಕಪಾಟಿನಲ್ಲಿದೆ, ಅದರ ಬೀಗದ ಕೈ ಯಾರ ಬಳಿ ಇದೆ ಎಂಬುದೂ ಆಗ ಗೊತ್ತಾದೀತು.

ಭಾರತದಲ್ಲಿಯೂ ಪರಿಶೀಲನೆ ಆರಂಭವಾಗಿದೆ. 2022–23ರಲ್ಲಿ ಏಳು ಆಸ್ಪತ್ರೆಗಳ ವೈದ್ಯರಲ್ಲಿ ಕೆಲವರಿಗೆ ಅಮೆರಿಕದ ಕ್ರಮವನ್ನೂ, ಕೆಲವರಿಗೆ ಬಡ ಸೌಕರ್ಯದ ದೇಶಗಳಿಗೆಂದು ರೂಪಿಸಿದ ‘ಪ್ರೈಮರಿ ಟ್ರಾಮಾ ಕೇರ್’ ಎಂಬ ಕಿರುತರಬೇತಿಯನ್ನೂ ಕೊಟ್ಟು, ಉಳಿದವರನ್ನು ಎಂದಿನಂತೆಯೇ ಬಿಟ್ಟು, ಗಾಯಾಳುಗಳ ಗತಿಯನ್ನು ಹೋಲಿಸಿ ನೋಡಲಾಯಿತು. ಇಂಥ ಪ್ರಯೋಗ ಸಾಧ್ಯವೇ ಎಂದು ಅರಿಯುವುದಷ್ಟೇ ಅದರ ಉದ್ದೇಶವಾಗಿತ್ತು. ಆ ಏಳೂ ದೊಡ್ಡ ಆಸ್ಪತ್ರೆಗಳು. ನವಲಗುಂದದಂಥ ತಾಲೂಕು ಆಸ್ಪತ್ರೆ ಅವುಗಳಲ್ಲಿ ಒಂದೂ ಇರಲಿಲ್ಲ.