ಬರಿಗಾಲಿನ ವೀರರು

ಕಾಲೇಜು ಸೇರಿದ ಮಗನು ಕಾಲ್ಚೆಂಡಿನ ತಂಡದಲ್ಲಿ ಆಡುವೆನೆಂದರೆ, ಶ್ರೀರಂಗಪಟ್ಟಣವಾಗಲಿ ಪಾಂಡವಪುರವಾಗಲಿ, ಕೃಷ್ಣರಾಜಪೇಟೆಯಾಗಲಿ ನಾಗಮಂಗಲವಾಗಲಿ, ಮನೆಯ ಹಿರಿಯರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡು: ಬೂಟಿಗೆ ಹಣವೆಲ್ಲಿ? ಆಟದಿಂದ ಫಲವೇನು?

ಇವಕ್ಕೆ ನಮ್ಮ ನಾಡಿನ ಆಟಗಾರರೇ ಉತ್ತರವಿತ್ತಿದ್ದಾರೆ. 1891ರಲ್ಲಿ ಮುಂಬಯಿಯಲ್ಲಿ ಮೊದಲಾದ ರೋವರ್ಸ್ ಕಪ್ಪು ಬಹುಕಾಲ ಬ್ರಿಟಿಷ್ ಸೈನಿಕ ತಂಡಗಳ ಸ್ವತ್ತಾಗಿದ್ದಿತು. 1937ರಲ್ಲಿ ಅದನ್ನು ಗೆದ್ದ ಪ್ರಥಮ ಭಾರತೀಯ ತಂಡವೇ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಗೆಲುವು ಅವರದೇ ಆಯಿತು. 1946ರಲ್ಲಿ ಮೈಸೂರು ತಂಡವು ಬಲಿಷ್ಠವಾದ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆಯಿತು.

1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ ಕೂಟದಲ್ಲಿ, ಸ್ವತಂತ್ರ ಭಾರತವು ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದರು. ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ 2–1ರಿಂದ ಗೆದ್ದಿತು.

ಇಂದು ಪಂದ್ಯಗಳಲ್ಲಿ ಪಾದರಕ್ಷೆ ಕಡ್ಡಾಯ. ಬೂಟಿನ ವೆಚ್ಚ ತಪ್ಪದು. ಆದರೆ ಗೆಲುವು ಕಾಲಿನ ತೊಡಿಗೆಯಿಂದ ಬರುವುದಲ್ಲವೆಂದು ಆ ತಂಡಗಳು ತೋರಿಸಿಕೊಟ್ಟವು. ಇನ್ನು ಫಲದ ಮಾತು: ತನ್ನ ಕಾಲಿಗೆ ದೊರೆತ ಚೆಂಡನ್ನು, ಅನುಕೂಲವಾದ ಸ್ಥಾನದಲ್ಲಿರುವ ಜೊತೆಗಾರನಿಗೆ ಸಂತೋಷದಿಂದ ಒಪ್ಪಿಸುವುದನ್ನು ಹುಡುಗನು ಕಾಲೇಜಿನ ಬಯಲಿನಲ್ಲಿ ಕಲಿಯುತ್ತಾನೆ. ಕೂಡಿ ಬಾಳುವ ಮನೆಗೂ ಬೇಕಾದ ವಿದ್ಯೆ ಇದೇ ಅಲ್ಲವೆ?