ಸೂಜಿಯ ಮೇಲೆ ಹೊರಿಸಿದ ಅಪವಾದ

'ಹೊಸ ಲಿವರ್‌ಗೆ ಸೂಜಿ ಚುಚ್ಚಿಸಬೇಡಿ, ಒಳಗೆ ಗಾಳಿ ಸೋಕಿದರೆ ಇರೋದೂ ಕೆಡುತ್ತೆ.' ಲಿವರ್ ಕಸಿ ಮಾಡಿಸಿಕೊಂಡವರಿಗೆ ವೈದ್ಯರು ಬಯಾಪ್ಸಿ ಹೇಳಿದ ದಿನ ನೆಂಟರಿಷ್ಟರಿಂದ ಬರುವ ಮೊದಲ ಸಲಹೆ ಇದು. ದೊಡ್ಡಬಳ್ಳಾಪುರದಾಚೆಯ ಸಾಸಲು ಹೋಬಳಿಯ ಜಗಲಿಯಲ್ಲೂ ಇದೇ ಮಾತು, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದೇ ಮಾತು. ಓದಿದವರು ಗಾಳಿ ಎನ್ನುವ ಕಡೆ ಇನ್ಫೆಕ್ಷನ್ ಎನ್ನುತ್ತಾರೆ, ವ್ಯತ್ಯಾಸ ಅಷ್ಟೇ. ಬದುಕಿರುವ ದಾನಿಯಿಂದ ಆದ ಕಸಿಯಾದರೆ ಮನೆಯವರೇ ಒಬ್ಬರು ತಮ್ಮ ಲಿವರಿನ ಬಲಭಾಗವನ್ನು, ಎಂದರೆ ಒಟ್ಟು ಗಾತ್ರದಲ್ಲಿ ಸುಮಾರು ಶೇ 60ರಷ್ಟನ್ನು, ಕೊಯ್ಸಿ ಕೊಟ್ಟಿರುತ್ತಾರೆ. ಕೆಲವೇ ತಿಂಗಳಲ್ಲಿ ಕೊಟ್ಟವರಲ್ಲೂ ಪಡೆದವರಲ್ಲೂ ಅದು ಬೇಕಾದಷ್ಟು ಬೆಳೆದುಕೊಂಡಿರುತ್ತದೆ. ಇದನ್ನು ಕಣ್ಣಾರೆ ಕಂಡ ಮನೆಯೇ, ಬಯಾಪ್ಸಿಯ ಸೂಜಿಯಲ್ಲಿ ಲಿವರಿನ ಸುಮಾರು 50,000 ಪಾಲಿನಲ್ಲಿ ಒಂದು ಪಾಲಿನಷ್ಟು ಅಂಗಾಂಶ, ಒಂದೆರಡು ಸೆಂಟಿಮೀಟರಿನ ಒಂದು ಎಳೆ, ಹೊರಗೆ ಬಂದರೆ ಲಿವರ್ ಮುಗಿಯಿತು ಎಂದು ನಡುಗುತ್ತದೆ. ಅರ್ಧಕ್ಕಿಂತ ಹೆಚ್ಚು ಕೊಯ್ದರೆ ಬೆಳೆಯುವ ಅಂಗ, ಒಂದು ಎಳೆ ತೆಗೆದರೆ ಸಾಯುವುದು ಯಾವ ಲೆಕ್ಕ?

ಈ ನಂಬಿಕೆ ಶುದ್ಧ ಸುಳ್ಳಿನಿಂದ ಹುಟ್ಟಿದ್ದಲ್ಲ. ಅದಕ್ಕೇ ಅದು ಇಷ್ಟು ಗಟ್ಟಿ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಗೆಡ್ಡೆಗೆ ಸೂಜಿ ಹಾಕಿದಾಗ, ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕೋಶಗಳು ಉಳಿದು ಬೆಳೆದ ಉದಾಹರಣೆಗಳಿವೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆ ಆ ಪ್ರಮಾಣವನ್ನು ಶೇ 2.7 ಎಂದು ಅಂದಾಜಿಸಿತ್ತು. ಅದಕ್ಕಾಗಿಯೇ ಕಸಿಗೆ ಮುನ್ನ ಇಂಥ ಗೆಡ್ಡೆಯನ್ನು ಸಾಧ್ಯವಾದಷ್ಟೂ ಸಿಟಿ ಅಥವಾ ಎಂಆರ್‌ಐ ಚಿತ್ರದಲ್ಲೇ ಗುರುತಿಸುತ್ತಾರೆ, ಸುಮ್ಮನೆ ಚುಚ್ಚಲು ಹೋಗುವುದಿಲ್ಲ. ಆದರೆ ಕಸಿಯ ನಂತರ ಹೊಸ ಲಿವರಿನ ಬಯಾಪ್ಸಿ ಮಾಡುವುದು ಸಾಮಾನ್ಯವಾಗಿ ಗೆಡ್ಡೆಯನ್ನು ಹುಡುಕಿಕೊಂಡು ಅಲ್ಲ. ಗೆಡ್ಡೆಯೇ ಇಲ್ಲದ ಕಡೆ ಹರಡುವುದೇನು? ಗಾಳಿಯೋ? ಒಂದು ಸಂದರ್ಭದ ಎಚ್ಚರಿಕೆಯನ್ನು ಇನ್ನೊಂದು ಸಂದರ್ಭಕ್ಕೆ ಹೊತ್ತು ತಂದು ನೆಟ್ಟರೆ ಅದು ಎಚ್ಚರಿಕೆಯಾಗಿ ಉಳಿಯುವುದಿಲ್ಲ, ಮೂಢನಂಬಿಕೆಯಾಗುತ್ತದೆ. ನಂಬಿಕೆಯ ಎರಡನೆಯ ಬೇರು ಇನ್ನೂ ಆಳದ್ದು: 'ಬಯಾಪ್ಸಿ ಮಾಡಿಸಿದ ಮೇಲೇ ಅವರು ಹೋಗಿದ್ದು.' ಹೌದು, ಹೋಗಿರಬಹುದು. ಆದರೆ ಬಯಾಪ್ಸಿ ಹೇಳಿದ್ದು ಯಾರಿಗೆ? ಆಗಲೇ ಲಿವರ್ ಕೈಕೊಡಲು ಶುರುವಾದವರಿಗೆ. ಚೆನ್ನಾಗಿರುವವರನ್ನು ಬಿಟ್ಟು ಕೆಟ್ಟಿರುವವರನ್ನೇ ಆರಿಸಿ ಮಾಡುವ ಪರೀಕ್ಷೆಯ ನಂತರ ಕೆಲವರು ಇನ್ನಷ್ಟು ಕೆಟ್ಟರೆ ಅದು ಕಾಯಿಲೆಯ ಕೆಲಸ. ಮೊದಲು ನಡೆದದ್ದೆಲ್ಲ ಆಮೇಲೆ ನಡೆದದ್ದಕ್ಕೆ ಕಾರಣ ಎನ್ನುವುದಾದರೆ, ಆಂಬುಲೆನ್ಸಿಗಿಂತ ಅಪಾಯಕಾರಿ ವಾಹನ ಕರ್ನಾಟಕದಲ್ಲೇ ಇಲ್ಲ.

ಸೂಜಿ ಏಕೆ ಬೇಕು ಎಂಬುದನ್ನು ನೋಡೋಣ. ಕಸಿಯಾದವರ ರಕ್ತಪರೀಕ್ಷೆಯಲ್ಲಿ ಎಎಲ್‌ಟಿ, ಎಎಸ್‌ಟಿ, ಆಲ್ಕಲೈನ್ ಫಾಸ್ಫಟೇಸ್, ಬಿಲಿರುಬಿನ್ ಏರಿದರೆ, ಲಿವರಿಗೆ ಏನೋ ಆಗಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಏನಾಗಿದೆ ಎಂದು ಆ ಅಂಕಿಗಳು ಹೇಳುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ಹೊಸ ಲಿವರನ್ನು ತಿರಸ್ಕರಿಸುತ್ತಿರಬಹುದು, ಸೈಟೊಮೆಗಲೊ ವೈರಸ್ಸಿನ ಸೋಂಕಿರಬಹುದು, ಹಳೆಯ ಹೆಪಟೈಟಿಸ್ ಮರಳಿರಬಹುದು, ಪಿತ್ತನಾಳ ಕಿರಿದಾಗಿರಬಹುದು, ರಕ್ತನಾಳ ಕಟ್ಟಿಕೊಂಡಿರಬಹುದು, ಯಾವುದೋ ಔಷಧಿ ಕೆಡಿಸಿರಬಹುದು. ಕೊನೆಯ ಎರಡು ಮೂರನ್ನು ಸ್ಕ್ಯಾನಿಂಗ್, ಡಾಪ್ಲರ್ ಮತ್ತು ಸರಿಯಾದ ವಿಚಾರಣೆ ಬಹುಮಟ್ಟಿಗೆ ಹಿಡಿದುಕೊಡುತ್ತವೆ. ಆದರೆ ತಿರಸ್ಕಾರ ಮತ್ತು ಸೋಂಕು ಎಂಬ ಮೊದಲಿನ ಎರಡರ ಚಿಕಿತ್ಸೆಗಳು ಒಂದಕ್ಕೊಂದು ತದ್ವಿರುದ್ಧ. ತಿರಸ್ಕಾರವಾದರೆ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ಅದುಮಬೇಕು, ರಕ್ತನಾಳದ ಮೂಲಕ ಭಾರೀ ಪ್ರಮಾಣದ ಸ್ಟೀರಾಯ್ಡ್ ಕೊಡಬೇಕು. ಸೋಂಕಾದರೆ ಅದುಮುವ ಔಷಧಿಯನ್ನು ಸಾಮಾನ್ಯವಾಗಿ ತಗ್ಗಿಸಬೇಕು. ಒಂದರ ಮದ್ದು ಇನ್ನೊಂದಕ್ಕೆ ವಿಷ. ಈ ಕವಲಿನಲ್ಲಿ ನಿಂತಾಗ ದಾರಿ ತೋರಿಸುವುದು ಸೂಕ್ಷ್ಮದರ್ಶಕದ ಕೆಳಗಿನ ಆ ಎಳೆ. ರೋಗಶಾಸ್ತ್ರಜ್ಞರು ಅದರಲ್ಲಿ ಮೂರು ಜಾಗ ನೋಡುತ್ತಾರೆ: ರಕ್ತನಾಳ, ಪಿತ್ತನಾಳಗಳು ಒಟ್ಟಿಗೆ ಸಾಗುವ ಪೋರ್ಟಲ್ ಭಾಗದಲ್ಲಿ ಉರಿಯೂತವಿದೆಯೇ, ಪಿತ್ತನಾಳಗಳಿಗೆ ಪೆಟ್ಟಾಗಿದೆಯೇ, ಅಭಿಧಮನಿಗಳ ಒಳಪದರ ಕೆರಳಿದೆಯೇ. ಒಂದೊಂದಕ್ಕೂ 0ಯಿಂದ 3ರ ತನಕ ಅಂಕ ಕೊಟ್ಟು, ಒಟ್ಟು 9ಕ್ಕೆ ಲೆಕ್ಕ ಹಾಕುವ ಈ ಪದ್ಧತಿಗೆ ಕೆನಡಾದ ಬ್ಯಾನ್ಫ್ ಪಟ್ಟಣದ ಹೆಸರಿದೆ. 1997ರಿಂದ ಜಗತ್ತಿನ ಕಸಿ ಕೇಂದ್ರಗಳಿಗೆಲ್ಲ ಇದು ಸಾಮಾನ್ಯ ಭಾಷೆ.

'ಸೂಜಿ ಯಾಕೆ, ಸ್ಟೀರಾಯ್ಡ್ ಕೊಟ್ಟು ನೋಡಿದರೆ ಆಯ್ತಲ್ಲ' ಎಂಬ ಆಕ್ಷೇಪ ಬರುತ್ತದೆ. ಲಕ್ಷಣಗಳು ತೀರಾ ಸ್ಪಷ್ಟವಾಗಿದ್ದಾಗ ವೈದ್ಯರು ಒಮ್ಮೊಮ್ಮೆ ಹಾಗೆ ಮಾಡುವುದೂ ಉಂಟು. ಆದರೆ ಅದನ್ನೇ ಪದ್ಧತಿ ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಹೆಪಟೈಟಿಸ್ ಸಿ ಕಲಿಸಿದ ಪಾಠವಿದೆ. ಆ ವೈರಸ್ಸನ್ನು ನೇರವಾಗಿ ಹೊಡೆಯುವ ಮಾತ್ರೆಗಳು ಬರುವ ಮುಂಚಿನ ವರ್ಷಗಳಲ್ಲಿ, ತಿರಸ್ಕಾರಕ್ಕೆಂದು ಕೊಟ್ಟ ಭಾರೀ ಸ್ಟೀರಾಯ್ಡ್ ಹೊಸ ಲಿವರಿನಲ್ಲಿ ವೈರಸ್ಸಿನ ಹಾವಳಿಯನ್ನು ಬೇಗ ಬೆಳೆಸಿದ್ದನ್ನು ಕಸಿ ಕೇಂದ್ರಗಳು ಮತ್ತೆ ಮತ್ತೆ ಕಂಡವು. 'ಫೈಬ್ರೋಸ್ಕ್ಯಾನ್ ಇದೆಯಲ್ಲ' ಎಂಬುದು ಇನ್ನೊಂದು ಆಕ್ಷೇಪ. ಅದು ಲಿವರಿನ ಗಡಸುತನವನ್ನು ಅಳೆಯುತ್ತದೆ, ಚೆನ್ನಾಗಿಯೇ ಅಳೆಯುತ್ತದೆ. ಆದರೆ ಗಡಸಾದದ್ದು ಯಾಕೆ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ದಾನಿಯ ಡಿಎನ್‌ಎ ಚೂರುಗಳನ್ನು ರಕ್ತದಲ್ಲೇ ಹುಡುಕುವ ಪರೀಕ್ಷೆಗಳು ಬಂದಿವೆ. ಸೂಜಿಯ ಅಗತ್ಯವನ್ನು ಅವು ಮುಂದೆ ಕಡಿಮೆ ಮಾಡಿದರೆ ಸಂತೋಷ, ಇವತ್ತಿಗಂತೂ ಆ ಸ್ಥಾನವನ್ನು ಅವು ತುಂಬಿಲ್ಲ. ಮೂರನೆಯ ಆಕ್ಷೇಪಕ್ಕೆ ಮಾತ್ರ ನಿಜವಾದ ತೂಕವಿದೆ: ಒಂದು ಎಳೆ ಇಡೀ ಲಿವರಿನ ಕಥೆ ಹೇಳೀತೇ? ಮಣ್ಣು ಪರೀಕ್ಷೆಗೆ ಹೊಲದ ಒಂದೇ ಮೂಲೆಯ ಮಣ್ಣು ಕೊಟ್ಟರೆ ಫಲಿತಾಂಶ ದಾರಿ ತಪ್ಪಿಸಬಹುದು ಎಂದು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಲಿವರಿನಲ್ಲೂ ಹಾಗೆಯೇ. ಆದ್ದರಿಂದಲೇ ಎಳೆ ಸಾಕಷ್ಟು ಉದ್ದವಿರಬೇಕು, ಅದರಲ್ಲಿ ಹನ್ನೊಂದಾದರೂ ಪೋರ್ಟಲ್ ಭಾಗಗಳು ಸಿಗಬೇಕು ಎಂಬ ನಿಯಮವಿರುವುದು. ಈ ಆಕ್ಷೇಪದಿಂದ ಹೊರಡುವ ತೀರ್ಮಾನ ಏನು? ಸರಿಯಾಗಿ ಚುಚ್ಚಬೇಕು ಎಂಬುದೇ ಹೊರತು ಚುಚ್ಚಲೇಬಾರದು ಎಂಬುದಲ್ಲ.

ಹಾಗಾದರೆ ಅಪಾಯವೇ ಇಲ್ಲವೇ? ಇದೆ, ಮುಚ್ಚಿಡುವ ಅಗತ್ಯವಿಲ್ಲ. ಇಟಲಿಯ ಆಸ್ಪತ್ರೆಗಳ 68,276 ಬಯಾಪ್ಸಿಗಳನ್ನು ಪರಿಶೀಲಿಸಿ 1986ರಲ್ಲಿ ಪ್ರಕಟವಾದ ವರದಿಯಲ್ಲಿ ಸಾವಿನ ಪ್ರಮಾಣ ಒಂದು ಲಕ್ಷಕ್ಕೆ 9. ಅದು ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚುವ ರೂಢಿ ಇನ್ನೂ ಬಲಿಯದ ಕಾಲ. ಅಮೆರಿಕದ ಲಿವರ್ ತಜ್ಞರ ಸಂಘ 2009ರಲ್ಲಿ ಹೊರಡಿಸಿದ ಮಾರ್ಗಸೂಚಿ ಸಾವನ್ನು 10,000ಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ ಎಂದೂ, ತೀವ್ರ ರಕ್ತಸ್ರಾವವನ್ನು 2,500ರಿಂದ 10,000ಕ್ಕೆ ಒಂದು ಎಂದೂ ಹೇಳುತ್ತದೆ. ಬಲಭುಜಕ್ಕೋ ಪಕ್ಕೆಗೋ ಬರುವ ನೋವು ಮಾತ್ರ ಸಾಮಾನ್ಯ, ಹೆಚ್ಚಿನವರಲ್ಲಿ ಅದು ಸಣ್ಣದು. ಕಸಿಯಾದವರಿಗೆ ಕೆಲವು ವಿಶೇಷ ಎಚ್ಚರಿಕೆಗಳಿವೆ. ಪಿತ್ತನಾಳವನ್ನು ಕರುಳಿಗೆ ನೇರ ಜೋಡಿಸಿದ್ದರೆ ಬಯಾಪ್ಸಿಯ ನಂತರ ರಕ್ತಕ್ಕೆ ಸೋಂಕು ತಗಲುವ ಸಂಭವ ಹೆಚ್ಚು. ಪಿತ್ತನಾಳ ಊದಿಕೊಂಡಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ರಕ್ತ ಹೆಪ್ಪುಗಟ್ಟುವ ಗುಣ ಕುಂದಿದ್ದರೆ ಪಕ್ಕೆಯಿಂದ ಚುಚ್ಚುವ ಬದಲು ಕುತ್ತಿಗೆಯ ರಕ್ತನಾಳದ ಮೂಲಕ ಇಳಿದು ಲಿವರಿನ ಒಳಗಿನಿಂದಲೇ ಎಳೆ ತೆಗೆಯುವ ದಾರಿಯಿದೆ. ರಕ್ತ ಸೋರಿದರೂ ಅದು ರಕ್ತನಾಳಕ್ಕೇ ಸೋರುತ್ತದೆ. ಸಾಸಲಿನಂಥ ಊರಿನವರು ನಿಜವಾಗಿ ಯೋಚಿಸಬೇಕಾದ ಅಪಾಯ ಬೇರೆಯೇ ಇದೆ, ಅದರ ಬಗ್ಗೆ ಯಾವ ನೆಂಟರೂ ಮಾತಾಡುವುದಿಲ್ಲ. ಅದೇ ಇಟಲಿಯ ವರದಿಯ ಪ್ರಕಾರ ತೊಡಕುಗಳಲ್ಲಿ ಶೇ 61 ಮೊದಲ ಎರಡು ಗಂಟೆಗಳಲ್ಲಿ, ಶೇ 96 ಮೊದಲ 24 ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೇ ಸುಮಾರು 40 ಕಿಲೋಮೀಟರ್, ಸಾಸಲು ಅದಕ್ಕೂ ಆಚೆ. ಸಂಜೆಯೇ ಬಸ್ಸು ಹತ್ತಿ ಊರು ಸೇರಿ, ನಡುರಾತ್ರಿ ಹೊಟ್ಟೆನೋವು ಬಂದರೆ ಕಸಿ ತಂಡ ಎಲ್ಲಿ, ನೀವೆಲ್ಲಿ? ಆ ಒಂದು ರಾತ್ರಿ ಆಸ್ಪತ್ರೆಯಲ್ಲೋ ಅದರ ಹತ್ತಿರದಲ್ಲೋ ಉಳಿಯುವುದು, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸುವುದು, ಇವೆರಡು ಸೂಜಿಯ ಅಪಾಯವನ್ನು ನಿಜವಾಗಿ ತಗ್ಗಿಸುವ ಕೆಲಸಗಳು.

ಉಳಿದ ಕಲ್ಪನೆಗಳಿಗೆ ಒಂದೊಂದು ವಾಕ್ಯ ಸಾಕು. ಬಯಾಪ್ಸಿ ಎಂದರೆ ಕ್ಯಾನ್ಸರ್ ಅನುಮಾನ ಎಂದೇ ಅರ್ಥವಲ್ಲ. ತಿರಸ್ಕಾರ ಶುರುವಾಯಿತೆಂದರೆ ಲಿವರ್ ಹೋಯಿತೆಂದಲ್ಲ, ಬೇಗ ಹಿಡಿದರೆ ಹೆಚ್ಚಿನವು ಸ್ಟೀರಾಯ್ಡಿಗೇ ಬಗ್ಗುತ್ತವೆ. 'ರಿಪೋರ್ಟ್ ನಾರ್ಮಲ್ ಇದೆ, ಇನ್ನೇನು' ಎಂಬುದಕ್ಕೆ ಮಾತ್ರ ಎರಡು ವಾಕ್ಯ ಹೆಚ್ಚು ಬೇಕು. ಲಿವರ್ ಕಸಿಯಾದ ಮಕ್ಕಳನ್ನು ಬ್ರಿಟನ್ನಿನ ಬರ್ಮಿಂಗ್‌ಹ್ಯಾಮಿನ ವೈದ್ಯರು ವರ್ಷಗಟ್ಟಲೆ ನಿಯಮಿತ ಬಯಾಪ್ಸಿಯಿಂದ ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲದ ಉರಿಯೂತದ ಗುರುತು ಒಂದು ವರ್ಷಕ್ಕೆ ಶೇ 22, ಐದು ವರ್ಷಕ್ಕೆ ಶೇ 43, ಹತ್ತು ವರ್ಷಕ್ಕೆ ಶೇ 64 ಮಕ್ಕಳಲ್ಲಿ ಸಿಕ್ಕಿತು. ಆಡಿಕೊಂಡು ಓಡಿಕೊಂಡು ಇದ್ದ ಮಕ್ಕಳ ಲಿವರಿನೊಳಗೆ ಹೀಗಾಗುತ್ತಿದೆ ಎಂದು ಹೊರಗಿನಿಂದ ನೋಡಿ ಹೇಳುವುದು ಸಾಧ್ಯವಿರಲಿಲ್ಲ. ಇದರ ಇನ್ನೊಂದು ಮುಖವೂ ಇದೆ. ಅಪ್ಪನದೋ ಅಮ್ಮನದೋ ಲಿವರ್ ಪಡೆದ 20 ಮಕ್ಕಳಲ್ಲಿ ಔಷಧಿಯನ್ನು ಹಂತಹಂತವಾಗಿ ನಿಲ್ಲಿಸಿ ನೋಡಿದ ಅಮೆರಿಕದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. 12 ಮಕ್ಕಳು ಮಾತ್ರೆಯೇ ಇಲ್ಲದೆ ಉಳಿದುಕೊಂಡರು. ಅಂಥ ಧೈರ್ಯ ಮಾಡುವ ಮುನ್ನ ಲಿವರ್ ಒಳಗಿನಿಂದ ಚೆನ್ನಾಗಿದೆ ಎಂದು ಖಾತ್ರಿ ಕೊಟ್ಟದ್ದೂ ಬಯಾಪ್ಸಿಯೇ. ಮಾತ್ರೆ ಕಡಿಮೆಯಾಗಲಿ ಎಂದು ಹಂಬಲಿಸುವವರು ಸೂಜಿಯನ್ನು ಬೈಯುವುದು ತಮಾಷೆಯಾಗಿದೆ.

ಸೂಜಿಗೆ ಇಷ್ಟು ಹೆದರುವ ನಮ್ಮ ಜನ ಯಾವುದಕ್ಕೆ ಹೆದರುವುದಿಲ್ಲ ಎಂದು ನೋಡಿದರೆ ತಮಾಷೆ ಉಳಿಯುವುದಿಲ್ಲ. ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತರೆ ನನ್ನ ತಕರಾರಿಲ್ಲ. ಹರಕೆ ಮಾತ್ರೆಯೊಡನೆ ಜಗಳಕ್ಕಿಳಿಯುವುದಿಲ್ಲ. ಕಷಾಯ ಇಳಿಯುತ್ತದೆ. ಕೊರೊನಾ ಕಾಲದಲ್ಲಿ ಮನೆಮನೆಯ ಒಲೆಯೇರಿದ ಅಮೃತಬಳ್ಳಿಯನ್ನೇ ನೋಡಿ. ಅದನ್ನು ಸೇವಿಸಿ ಲಿವರಿಗೆ ಪೆಟ್ಟು ಮಾಡಿಕೊಂಡ ಆರು ಮಂದಿಯ ವಿವರವನ್ನು ಮುಂಬೈ ವೈದ್ಯರು 2021ರಲ್ಲಿ ಪ್ರಕಟಿಸಿದರು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವರದಿ ಬಂತು. ಹಲವರಲ್ಲಿ ದೇಹ ತನ್ನ ಲಿವರಿನ ಮೇಲೆ ತಾನೇ ಎರಗಿದ ಚಿತ್ರವಿತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಬಳ್ಳಿಯ ಗುರುತಿನಲ್ಲೇ ತಪ್ಪಾಗಿರಬಹುದು ಎಂದಿತು. ಹಾಗೆಯೇ ಇರಲಿ. ಯಾವ ಬಳ್ಳಿ ಎಂದೇ ಖಾತ್ರಿಯಿಲ್ಲದ ರಸವನ್ನು ಕುಡಿಯುವುದು ಹೆಚ್ಚು ಸುರಕ್ಷಿತವೆಂದು ಅದರ ಅರ್ಥವೇ? ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದೇ ಮಾರಾಟವಾಗುವ ವಸ್ತು, ಆ ಶಕ್ತಿಯನ್ನು ಅದುಮಿಡಲು ದಿನಕ್ಕೆರಡು ಸಲ ಮಾತ್ರೆ ನುಂಗುವವರಿಗೆ ಹೇಗೆ ಒಳ್ಳೆಯದಾದೀತು ಎಂದು ಒಂದು ಕ್ಷಣ ಕೇಳಿಕೊಂಡಿದ್ದರೂ ಸಾಕಿತ್ತು. ಭೌಗೋಳಿಕ ಗುರುತು ಪಡೆದ ನಮ್ಮ ಜಿಲ್ಲೆಯ ಹೆಮ್ಮೆ, ದೇವನಹಳ್ಳಿ ಚಕ್ಕೋತವೂ ಇಲ್ಲಿ ನಿರಪರಾಧಿಯಲ್ಲ. ಕಸಿಯಾದವರ ಮುಖ್ಯ ಮಾತ್ರೆ ಟ್ಯಾಕ್ರೊಲಿಮಸ್ಸನ್ನು ಒಡೆದುಹಾಕುವ ಕರುಳಿನ ಕಿಣ್ವವನ್ನು ಚಕ್ಕೋತ ಜಾತಿಯ ಹಣ್ಣಿನ ಅಂಶಗಳು ತಡೆಯುತ್ತವೆ. ಚಕ್ಕೋತ ತಿಂದ ಮೂತ್ರಪಿಂಡ ಕಸಿ ರೋಗಿಯೊಬ್ಬರ ರಕ್ತದಲ್ಲಿ ಆ ಔಷಧಿಯ ಮಟ್ಟ ಏರಿದ್ದನ್ನು ಜಪಾನಿನ ವೈದ್ಯರು 2003ರಲ್ಲೇ ದಾಖಲಿಸಿದ್ದಾರೆ. ಮಟ್ಟ ಏರಿದರೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಹಣ್ಣು ನಮ್ಮೂರಿನದು, ಕಷಾಯ ಅಜ್ಜಿಯದು, ಆದ್ದರಿಂದ ಎರಡೂ ಸಾಧು. ಸೂಜಿ ಆಸ್ಪತ್ರೆಯದು, ಆದ್ದರಿಂದ ಅದು ಕೆಟ್ಟದ್ದು. ಪುರಾವೆಯ ಬದಲು ಪರಿಚಯವನ್ನು ನಂಬುವ ಅಭ್ಯಾಸವಿದು. ಇನ್ನೂ ವಿಪರ್ಯಾಸವೆಂದರೆ, ಹೀಗೆ ಗುಟ್ಟಾಗಿ ಕುಡಿದ ಕಷಾಯದಿಂದ ಲಿವರಿನ ಅಂಕಿಗಳು ಏರಿದಾಗ, ಇದು ತಿರಸ್ಕಾರವೋ ಬಳ್ಳಿಯ ಕೆಲಸವೋ ಎಂದು ಬಿಡಿಸಲು ಮತ್ತೆ ಬೇಕಾಗುವುದು ಅದೇ ಸೂಜಿ.

ಇಷ್ಟು ಹೇಳಿದೆನೆಂದು ವೈದ್ಯರು ಬರೆದ ಬಯಾಪ್ಸಿಗೆಲ್ಲ ತಲೆಯಾಡಿಸಿ ಎಂದು ನನ್ನ ವಾದವಲ್ಲ. ಯಾವ ತೊಂದರೆಯೂ ಇಲ್ಲದ ದೊಡ್ಡವರಿಗೆ ವರ್ಷ ವರ್ಷವೂ ನಿಯಮಕ್ಕಾಗಿ ಬಯಾಪ್ಸಿ ಮಾಡಬೇಕೇ ಎಂಬ ಬಗ್ಗೆ ಕಸಿ ಕೇಂದ್ರಗಳಲ್ಲೇ ಒಮ್ಮತವಿಲ್ಲ. ಕೆಲವು ಮಾಡುತ್ತವೆ, ಅನೇಕವು ಮಾಡುವುದಿಲ್ಲ. ಅಂಥ ಕಡೆ ಅನುಮಾನಪಡುವುದು ರೋಗಿಯ ಹಕ್ಕು. ಆದರೆ ಅನುಮಾನಕ್ಕೂ ಒಂದು ಶಿಸ್ತು ಬೇಕು. ಮಾಡಿದರೆ ಏನಾದೀತು ಎಂದು ನೂರು ಸಲ ಕೇಳುವವರು, ಮಾಡದಿದ್ದರೆ ಏನಾದೀತು ಎಂದು ಒಂದು ಸಲವೂ ಕೇಳದಿರುವುದು ಅನುಮಾನವಲ್ಲ, ಬರೀ ಭಯ. ಆಸ್ಪತ್ರೆಗೆ ಹೋದಾಗ ಎರಡು ಪ್ರಶ್ನೆ ಕೇಳಿ: ಈ ಬಯಾಪ್ಸಿ ಯಾವ ಅನುಮಾನವನ್ನು ಬಗೆಹರಿಸುತ್ತದೆ? ಉತ್ತರ ಹೀಗೆ ಬಂದರೆ ಯಾವ ಚಿಕಿತ್ಸೆ, ಹಾಗೆ ಬಂದರೆ ಯಾವ ಚಿಕಿತ್ಸೆ? ಎರಡೂ ಸಂದರ್ಭದಲ್ಲಿ ಚಿಕಿತ್ಸೆ ಒಂದೇ ಎಂದಾದರೆ ಬಯಾಪ್ಸಿ ಬೇಡವೆನ್ನಲು ನಿಮಗೆ ಪೂರ್ತಿ ಕಾರಣವಿದೆ. ಚಿಕಿತ್ಸೆ ಬದಲಾಗುತ್ತದೆ ಎಂದಾದರೆ, ಹತ್ತು ಸಾವಿರದಲ್ಲಿ ಒಂದರ ಅಪಾಯಕ್ಕೆ ಅಂಜಿ ಕಣ್ಣುಮುಚ್ಚಿ ಮದ್ದು ಕೊಡಿಸಿಕೊಳ್ಳುವುದೇ ಹೆಚ್ಚು ದುಬಾರಿ.