ಬಿಳಿ ವೈನಿನ ದ್ರಾಕ್ಷಿ: ನೆಡುವ ಮುನ್ನ ಊಟದ ತಟ್ಟೆ ನೋಡಿ

ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳೆಂದರೆ ಬತ್ತ, ಕಬ್ಬು, ಬಾಳೆಯ ಸೀಮೆ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದ ಮೇಲೆ ನಂದಿ ಕಣಿವೆ, ಕೃಷ್ಣಾ ಕಣಿವೆಗಳ ಜೊತೆಗೆ ನಮ್ಮ ಕಾವೇರಿ ಕಣಿವೆಯ ಹೆಸರೂ ವೈನ್ ದ್ರಾಕ್ಷಿಗೆ ಕೇಳಿಬಂತು. ನರಸೀಪುರದ ಕಡೆ ಆಲ್ಪೈನ್ ವೈನರಿ ತೋಟ ಎಬ್ಬಿಸಿ, ಫ್ರಾನ್ಸಿನ ತಜ್ಞರ ಸಲಹೆಯಿಂದ ವೈನ್ ತಯಾರಿಸಿತು. 'ನಾವೂ ಒಂದೆರಡು ಎಕರೆ ಹಾಕೋಣವೇ?' ಎಂದು ಯೋಚಿಸುವ ರೈತ ಬಾಂಧವರು, ವೈನ್ ಕೊಳ್ಳುವವನ ಊಟದ ತಟ್ಟೆಯಲ್ಲಿ ಏನಿದೆ ಎಂಬುದನ್ನು ಮೊದಲು ತಿಳಿಯುವುದು ಮೇಲು. ಹಣ್ಣಿನ ಗುಣವನ್ನು ನಿರ್ಧರಿಸುವುದು ಆ ತಟ್ಟೆಯೇ.

ಬಿಳಿ ವೈನಿನ ಜೀವ ಹುಳಿಯಲ್ಲಿದೆ. ಹುರಿದ ಮೀನಿಗೆ ನಾವು ನಿಂಬೆಹಣ್ಣು ಹಿಂಡುವುದು ಎಣ್ಣೆಯ ಜಿಡ್ಡು ಮುರಿಯಲೆಂದು. ತಣ್ಣಗಿನ ಸಾವಿನ್ಯೋನ್ ಬ್ಲಾಂಕ್ ವೈನ್ ಮಾಡುವುದೂ ಅದೇ ಕೆಲಸವನ್ನು. ಹೊಳೆಮೀನು, ಕೊತ್ತಂಬರಿ-ಪುದೀನ ಅರೆದು ಮಾಡಿದ ಕೋಳಿ, ನಿಂಬೆಹಣ್ಣಿನ ಚಿತ್ರಾನ್ನಗಳಿಗೆ ಅದು ಹೊಂದುತ್ತದೆ. ಖಾರದ ಅಡಿಗೆಗೆ ಸ್ವಲ್ಪ ಸಿಹಿ ಉಳಿಸಿದ ಶೆನಿನ್ ಬ್ಲಾಂಕ್ ವಾಸಿ. ಮದ್ಯಸಾರ ಹೆಚ್ಚಿದ್ದರೆ ನಾಲಗೆಯ ಉರಿ ಇನ್ನೂ ಏರುತ್ತದೆ. ಬನ್ನೂರು ಕುರಿಯ ಬಾಡಿನ ಸಾರಿಗಾದರೆ ಕೆಂಪು ವೈನೇ ಸರಿ. ಹುಳಿ ಸತ್ತ ಬಿಳಿ ವೈನು ಯಾವ ಊಟಕ್ಕೂ ಸೇರದು.

ಉಷ್ಣವಲಯದ ಕಷ್ಟ ಇಲ್ಲಿಯೇ ಇದೆ. ಯೂರೋಪಿನಲ್ಲಿ ಚಳಿಗಾಲಕ್ಕೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ವರ್ಷಕ್ಕೆ ಎರಡು ಸಲ ಸವರಬೇಕು: ಏಪ್ರಿಲ್ ಸುಮಾರಿಗೆ ಕಡ್ಡಿ ಬಲಿಯಲು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಫಸಲಿಗೆ. ಎರಡನೆಯ ಸವರುವಿಕೆಯ ಚಿಗುರಿಗೆ ಹಿಂಗಾರು ಮಳೆ ಬಿದ್ದರೆ ಬೂಜು ತುಪ್ಪಟ ರೋಗ ತಗಲುತ್ತದೆ. ಔಷಧಿ ಸಿಂಪಡಣೆ ತಪ್ಪುವಂತಿಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಕೊಯ್ಲು. ಆಗ ಬಿಸಿಲು ಏರಿದಂತೆ ಹಣ್ಣಿನ ಸಕ್ಕರೆ ಏರಿ ಹುಳಿ ಇಳಿಯುತ್ತದೆ. ಬಿಳಿ ವೈನಿಗೆ ಸಕ್ಕರೆ 20ರಿಂದ 22 ಬ್ರಿಕ್ಸ್ ಇರುವಾಗಲೇ, ಹೊತ್ತು ಹುಟ್ಟುವ ಮೊದಲು ಕೊಯ್ದು ತಂಪಾಗಿ ವೈನರಿಗೆ ಮುಟ್ಟಿಸಬೇಕು. ಅಲ್ಲಿ ರಸ ಹಿಂಡಿ, ಸಿಪ್ಪೆ ಬೇರ್ಪಡಿಸಿ, ತಣ್ಣಗಿನ ಉಕ್ಕಿನ ತೊಟ್ಟಿಗಳಲ್ಲಿ ಹುದುಗಿಸುತ್ತಾರೆ.

ನಾಲೆಯ ನೀರು ನಿಲ್ಲುವ ಗದ್ದೆ ಈ ಬೆಳೆಗೆ ಆಗದು. ನೀರು ಬಸಿದು ಹೋಗುವ ಕೆಮ್ಮಣ್ಣಿನ ದಿಣ್ಣೆ ಜಮೀನು, ಕಂಬ-ತಂತಿಯ ಚಪ್ಪರ, ಹನಿ ನೀರಾವರಿ ಬೇಕು. ಬಂಡವಾಳ ಮೊದಲೇ ಹೂಡಬೇಕಾಗುತ್ತದೆ. ಫಸಲು ಕೈಗೆ ಬರಲು ವರ್ಷಗಳು ಹಿಡಿಯುತ್ತವೆ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಮಾರಾಟದ್ದು. ವೈನ್ ದ್ರಾಕ್ಷಿ ಸಣ್ಣ ಕಾಯಿ, ಒಳಗೆ ಬೀಜ. ತಿನ್ನುವ ಹಣ್ಣಿನ ಪೇಟೆಯಲ್ಲಿ ಕೇಳುವವರಿಲ್ಲ. ವೈನರಿ ಬೇಡವೆಂದರೆ ಬೇರೆ ದಾರಿಯಿಲ್ಲ. 2008ರ ಆರ್ಥಿಕ ಹಿಂಜರಿತದ ನಂತರ ಮಹಾರಾಷ್ಟ್ರದ ನಾಸಿಕದಲ್ಲಿ ವೈನ್ ವ್ಯಾಪಾರ ಕುಸಿಯಿತು. ಹಣ್ಣು ಕೊಳ್ಳುವವರಿಲ್ಲದೆ ಅನೇಕ ರೈತರು ಬೆಳೆದ ಬಳ್ಳಿಗಳನ್ನೇ ಕಿತ್ತು ಹಾಕಿದರು. ರಸಬಾಳೆಯನ್ನು ಪನಾಮಾ ಸೊರಗು ರೋಗಕ್ಕೆ ಕಳೆದುಕೊಂಡ ನಂಜನಗೂಡಿನವರಿಗೆ, ಒಂದೇ ಬೆಳೆಯನ್ನು ನಂಬಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ.

ಆದ್ದರಿಂದ ಕೊಳ್ಳುವವರೊಡನೆ ತಳಿ, ದರ, ಬ್ರಿಕ್ಸ್, ಹಣ ಪಾವತಿಯ ಗಡುವು, ಹಣ್ಣು ತಿರಸ್ಕರಿಸಿದರೆ ಪರಿಹಾರ, ಇವಿಷ್ಟೂ ಬರವಣಿಗೆಯಲ್ಲಿ ಆಗದ ಹೊರತು ಗುಣಿ ತೋಡಬೇಡಿ. ತೋಟಗಾರಿಕೆ ಇಲಾಖೆ ಮತ್ತು ಕರ್ನಾಟಕ ದ್ರಾಕ್ಷಿ ಮತ್ತು ವೈನ್ ಮಂಡಳಿಯಲ್ಲಿ ವಿಚಾರಿಸಿ. ದ್ರಾಕ್ಷಿ ಬೆಳೆಯಲು ಪರವಾನಗಿ ಬೇಡ, ವೈನ್ ಮಾಡಿ ಮಾರಲು ಅಬಕಾರಿ ಪರವಾನಗಿ ಬೇಕೇ ಬೇಕು. ಒಪ್ಪಂದ ಕೈಸೇರಿದರೂ ಮೊದಲ ಸಲ ಜಮೀನಿನ ಒಂದು ಭಾಗದಲ್ಲಿ ಮಾತ್ರ ಹಾಕಿ, ಉಳಿದುದರಲ್ಲಿ ಮನೆಯ ಕಣಜ ತುಂಬುವ ಬೆಳೆ ಇರಲಿ.